ಎರಡೆರಡು ಅಕ್ಷರ ಬೀಳುತ್ತಿದೆ, ಆಪ್ಟಿಕಲ್ ಕೀಬೋರ್ಡ್ ತಗೊಳ್ಳಲಾ?

ಪ್ರಶ್ನೆ: ಸರ್, ದಿನವಿಡೀ ಟೈಪ್ ಮಾಡುವ ಕೆಲಸ ನನ್ನದು. ಮೆಕ್ಯಾನಿಕಲ್ ಕೀಬೋರ್ಡ್‌ಗೆ ಮೂರು ವರ್ಷ ಆಯಿತು. ಈಗ ‘ಎನ್’ ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತಿದೆ. ಆಪ್ಟಿಕಲ್ ಸ್ವಿಚ್‌ನದು ತಗೋ, ಈ ಕಾಟ ಇರಲ್ಲ, ಸ್ಪೀಡೂ ಜಾಸ್ತಿ ಅಂತಾನೆ ಗೆಳೆಯ. ನಿಜಾನಾ?

ಉತ್ತರ (ಕೀಬೋರ್ಡ್ ರಿಪೇರಿ ಮಾಡುವವರು): ಮೊದಲ ಮಾತು ನಿಜ. ಎರಡನೆಯದನ್ನು ನಂಬಿ ದುಡ್ಡು ಹಾಕಬೇಡಿ.

ನಿಮ್ಮಂಥ ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಪ್ರತಿ ಕೀ ಕೆಳಗೂ ಒಂದು ಸ್ವಿಚ್ ಇರುತ್ತದೆ. ಅದನ್ನು ಬಿಚ್ಚಿದರೆ ಒಳಗೆ ತೆಳು ಲೋಹದ ಪಟ್ಟಿಗಳು ಕಾಣುತ್ತವೆ. ಕೀ ಒತ್ತಿದಾಗ ಅವು ಒಂದಕ್ಕೊಂದು ತಾಗುತ್ತವೆ. ತಾಗುವಾಗ ಸ್ವಲ್ಪ ಅದುರುತ್ತವೆ. ಅದುರಿದ್ದನ್ನೆಲ್ಲ ಬೇರೆ ಬೇರೆ ಒತ್ತು ಅಂತ ಎಣಿಸಬಾರದಲ್ವಾ? ಅದಕ್ಕೇ ಕೀಬೋರ್ಡ್ ಸಾಮಾನ್ಯವಾಗಿ 5 ಮಿಲಿಸೆಕೆಂಡ್‌ನಷ್ಟು ಕಾಯುತ್ತದೆ. ಇದೇ ಡಿಬೌನ್ಸ್. ಪಟ್ಟಿ ಸವೆದರೆ, ಕೊಳೆ ಹಿಡಿದರೆ ಅದುರಾಟ ಆ ಸಮಯವನ್ನೂ ದಾಟುತ್ತದೆ. ನಿಮ್ಮ ‘ಎನ್’ಗೆ ಆಗಿರುವುದು ಬಹುತೇಕ ಇದೇ.

ಆಪ್ಟಿಕಲ್‌ನಲ್ಲಿ ಪಟ್ಟಿಯ ಬದಲು ಬೋರ್ಡ್ ಮೇಲೆ ಪುಟ್ಟ ಇನ್‌ಫ್ರಾರೆಡ್ ಎಲ್‌ಇಡಿ, ಜೊತೆಗೊಂದು ಸೆನ್ಸರ್. ಕೀ ಇಳಿದಾಗ ಬೆಳಕಿನ ದಾರಿ ಮುಚ್ಚುತ್ತದೆ ಅಥವಾ ತೆರೆಯುತ್ತದೆ, ಅಷ್ಟೇ. ಅದುರಾಟದ ಗೊಡವೆಯೇ ಇಲ್ಲ. ಕಾಯುವ ಆ 5 ಮಿಲಿಸೆಕೆಂಡೂ ಉಳಿತಾಯವಾಗುತ್ತದೆ. ಆದರೆ ಕಣ್ಣಿಗೆ ಕಂಡಿದ್ದಕ್ಕೆ ಬೆರಳು ಅಲ್ಲಾಡಲು ಸುಮಾರು 200 ಮಿಲಿಸೆಕೆಂಡ್ ಬೇಕು. ಟೈಪಿಂಗ್‌ನಲ್ಲಿ ಈ ಉಳಿತಾಯ ಗೊತ್ತೇ ಆಗಲ್ಲ. ಗೇಮ್ ಆಡುವವರು ಬೇಕಾದರೆ ಜಗಳ ಆಡಲಿ!

ನನಗೆ ತಲೆನೋವಾಗುವುದು ಬೇರೆ ಕಡೆ. ಎಷ್ಟೋ ಆಪ್ಟಿಕಲ್ ಕೀಬೋರ್ಡ್‌ಗಳಲ್ಲಿ ಸ್ವಿಚ್ ಸುಲಭವಾಗಿ ಕಿತ್ತು ಬರುತ್ತದೆ, ಆದರೆ ಮಾಮೂಲಿ ಸ್ವಿಚ್ ಅಲ್ಲಿ ಕೂರಲ್ಲ. ಇನ್ನೊಂದು ಕಂಪನಿಯ ಆಪ್ಟಿಕಲ್ ಸ್ವಿಚ್ಚೂ ಹೆಚ್ಚಾಗಿ ಹೊಂದಲ್ಲ. ಎಲ್‌ಇಡಿಯೋ ಸೆನ್ಸರೋ ಸತ್ತರಂತೂ ಬೋರ್ಡ್‌ಗೇ ಕೈ ಹಾಕಬೇಕು. ಅಕ್ಕಿ ಕಾಳಿಗಿಂತ ಚಿಕ್ಕ ಸಾಮಾನು, ಮನೆಯಲ್ಲಿ ಬೆಸುಗೆ ಹಾಕುವಂಥದ್ದಲ್ಲ. ವೈರ್‌ಲೆಸ್ ಆದರೆ ಅಷ್ಟೂ ಎಲ್‌ಇಡಿಗೆ ಬ್ಯಾಟರಿ ಬೇರೆ ಖರ್ಚಾಗುತ್ತದೆ.

ಇನ್ನೊಬ್ಬ ಸದಸ್ಯೆ: ನನ್ನ ಆಪ್ಟಿಕಲ್‌ನಲ್ಲಿ ಶಿಫ್ಟ್ ಕೀ ಇದ್ದಕ್ಕಿದ್ದಂತೆ ನಿಂತಿತ್ತು. ಸ್ವಿಚ್ ಎತ್ತಿ ನೋಡಿದರೆ ಬೆಳಕಿನ ದಾರಿಗೇ ಅಡ್ಡವಾಗಿ ಬೆಕ್ಕಿನ ಕೂದಲು. ಊದಿದೆ, ಸರಿಹೋಯಿತು.

ಪ್ರಶ್ನೆ: 😀 ಸರ್, ಸದ್ದು ಕಡಿಮೆ ಇರುತ್ತಾ?

ಉತ್ತರ: ಇಲ್ಲ. ಕೀ ತಳಕ್ಕೆ ಬಡಿಯುವ ಸದ್ದು ಎರಡರಲ್ಲೂ ಇರುತ್ತದೆ. ಅದಕ್ಕಿಂತ ಒತ್ತುವ ಆಳ ನೋಡಿ. ಚೆರ್ರಿ ಎಂಎಕ್ಸ್ ರೆಡ್ ಎಂಬ ಮೆಕ್ಯಾನಿಕಲ್ ಸ್ವಿಚ್ 2 ಮಿಲಿಮೀಟರ್ ಇಳಿದ ಮೇಲೆ ಅಕ್ಷರ ಮೂಡಿಸುತ್ತದೆ. ಕೆಲವು ಆಪ್ಟಿಕಲ್ 1 ಮಿಲಿಮೀಟರ್‌ಗೇ. ಬೆರಳು ಸುಮ್ನೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬೇಡದ ಅಕ್ಷರ ಬೀಳುತ್ತವೆ. ಅಂದ ಹಾಗೆ, ನಿಮ್ಮ ಈಗಿನದು ಹಾಟ್‌ಸ್ವಾಪಾ, ಅಂದರೆ ಬೆಸುಗೆ ಬಿಚ್ಚದೆ ಸ್ವಿಚ್ ಕಿತ್ತು ಹಾಕುವಂಥದ್ದಾ?

ಪ್ರಶ್ನೆ: ಹೌದು ಸರ್, ಬಾಕ್ಸ್ ಮೇಲೆ ಹಾಗೇ ಇದೆ.

ಉತ್ತರ: ಹಾಗಿದ್ದರೆ ಹೊಸದು ಯಾಕೆ? ಸ್ಕ್ರಾಲ್ ಲಾಕ್ ಕೀಯ ಸ್ವಿಚ್ ಕಿತ್ತು ‘ಎನ್’ ಜಾಗಕ್ಕೆ ಹಾಕಿ. ಸ್ವಿಚ್‌ನ ಲೋಹದ ಕಾಲು ಬಗ್ಗದಂತೆ ನೇರವಾಗಿ ಒತ್ತಿ. ಸ್ಕ್ರಾಲ್ ಲಾಕ್ ನೀವು ಮುಟ್ಟಿ ಎಷ್ಟು ಕಾಲ ಆಯಿತು ಹೇಳಿ.