ಅಪ್‌ಡೇಟ್: ಮಾತ್ರೆನಾ, ಥೆರಪಿನಾ ಅಂತ ಕೇಳಿದ್ದೆನಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ಕೈ ತೊಳೆಯುವ ಗೀಳಿಗೆ, ಅಂದರೆ ಓಸಿಡಿಗೆ, ಮಾತ್ರೆ ಇಲ್ಲದೆ ಬರೀ ಥೆರಪಿ ಸಾಕಾಗುತ್ತಾ ಅಂತ. ಡಾಕ್ಟರು ನನ್ನ ಸ್ಥಿತಿ ನೋಡಿ ಎರಡೂ ಬೇಕು ಅಂದರು. ಆಗ ವಾರಕ್ಕೆ ಮೂರು ಸೋಪು ಕರಗುತ್ತಿತ್ತು!

ಸರ್ಟ್ರಾಲೀನ್ ಅನ್ನೋ ಮಾತ್ರೆ, 50 ಮಿಲಿಗ್ರಾಂನಿಂದ ಶುರು. ಮೊದಲ ಹತ್ತು ದಿನ ಹೊಟ್ಟೆ ತೊಳಸಿದ್ದೇ ಬಂತು, ಗುಣ ಏನೂ ಕಾಣಲಿಲ್ಲ. ಓಸಿಡಿಗೆ ಈ ಮಾತ್ರೆ ಸರಿಯಾಗಿ ಕೆಲಸ ಮಾಡಲು 8ರಿಂದ 12 ವಾರ ಬೇಕಂತೆ. ಡಾಕ್ಟರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ.

ಥೆರಪಿ ಅಂದರೆ ಕೂತು ಕಷ್ಟ ಹೇಳಿಕೊಳ್ಳೋದು ಅಂದುಕೊಂಡಿದ್ದೆ. ಅಲ್ಲ. ಹಾಲಿನ ಪ್ಯಾಕೆಟ್ ಮುಟ್ಟಿ, ಕೈ ತೊಳೆಯದೆ ಸುಮ್ನೆ ಕೂರಬೇಕು. ಮೊದಲ ಸಲ ಬೆವರಿಳಿದು ಹೋಯಿತು. ಗಡಿಯಾರ ನೋಡುತ್ತಾ ಕೂತೆ. ನಲವತ್ತು ನಿಮಿಷಕ್ಕೆ ಭಯ ತಾನಾಗೇ ಇಳಿಯಿತು. ಮಾತ್ರೆ ಇಲ್ಲದಿದ್ದರೆ ಐದು ನಿಮಿಷವೂ ಕೂರುತ್ತಿರಲಿಲ್ಲ ಅನಿಸುತ್ತೆ.

‘ಮಾತ್ರೆ ಚಟ ಆಗುತ್ತೆ’ ಅಂದಿದ್ದವರಿಗೆ: ಇದು ಚಟ ಹಿಡಿಸುವಂಥದ್ದಲ್ಲ. ಆದರೆ ತಟ್ಟನೆ ನಿಲ್ಲಿಸಬಾರದು, ಡಾಕ್ಟರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ನನಗೆ ಗುಣವಾದ ಮೇಲೂ ಒಂದು ವರ್ಷವಾದರೂ ಮುಂದುವರಿಸಿ ಎಂದಿದ್ದಾರೆ.

ಬಸ್ಸಿನ ಕಂಬಿ ಮುಟ್ಟೋದು ಇನ್ನೂ ಬಾಕಿ. ಅದು ಮುಂದಿನ ವಾರದ ಹೋಂವರ್ಕ್.