ಸಹಾಯ ಬೇಕು: ಚೊಗರಿನ ಕಲೆ ಕೈಯಲ್ಲಿ ಎಷ್ಟು ದಿನ ಉಳಿಯುತ್ತದೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಅಡಿಕೆ ಸುಗ್ಗಿಯಲ್ಲಿ ನಡೆಯುವ ಒಂದು ವಿಡಂಬನೆಯ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಕೊಲೆಯಾದ ಮರುದಿನ, ಬೆಂದ ಅಡಿಕೆಗೆ ಚೊಗರು (ಅಡಿಕೆ ಬೇಯಿಸಿದ ನೀರಿನ ಗಟ್ಟಿ ಬಣ್ಣದ ರಸ) ಹಾಕಿದ ಹೆಂಗಸೊಬ್ಬಳ ಕೈಯ ಫೋಟೊವನ್ನು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಡುತ್ತಾರೆ. ಉಗುರಿನ ಸಂದಿಗೆ ಇಳಿದ ಕೆಂಗಂದು ಬಣ್ಣ ನೋಡಿದವರಿಗೆಲ್ಲ ರಕ್ತವಾಗಿ ಕಾಣುತ್ತದೆ. ಮಧ್ಯಾಹ್ನದೊಳಗೆ ಅವಳ ಜಾತಿಯ ಮೇಲೆ ಎರಡು ಬಣಗಳು ಹುಟ್ಟಿಕೊಳ್ಳುತ್ತವೆ. ಸತ್ತವನ ಹೆಸರು ಯಾರ ಬಾಯಲ್ಲೂ ಇಲ್ಲ. ಈ ಸಂಕಟವೇ ನನ್ನಿಂದ ಬರೆಸುತ್ತಿದೆ.

ಇನ್ನು ಕಾನೂನಿನ ಮಾತು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದರೆ ಶಿಕ್ಷೆ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದುಪಡಿಸಿದೆ. ಗುಂಪುಗಳ ನಡುವೆ ದ್ವೇಷ ಬಿತ್ತಿದರೆ ಈಗ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ (ಹಿಂದಿನ ಭಾರತೀಯ ದಂಡ ಸಂಹಿತೆಯ 153ಎ) ಇದೆ. ಇಷ್ಟು ಓದಿಕೊಂಡಿದ್ದೇನೆ. ಆದರೆ ಮೂಲ ಪೋಸ್ಟ್ ಅಳಿಸಿಹೋಗಿ ಸ್ಕ್ರೀನ್‌ಶಾಟ್ ಮಾತ್ರ ಉಳಿದಾಗ ತನಿಖಾಧಿಕಾರಿ ಮೊದಲು ಏನು ಮಾಡುತ್ತಾರೆ? ಯಾರ ಮೊಬೈಲನ್ನು ಮಹಜರು ಮಾಡಿ ವಶಕ್ಕೆ ಪಡೆಯುತ್ತಾರೆ? ನಿವೃತ್ತ ಪೊಲೀಸರು, ವಕೀಲರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಅಡಿಕೆ ಬೇಯಿಸಿ ಅನುಭವವಿರುವ ಅಮ್ಮಂದಿರೇ, ಕಲೆ ಹುಣಸೆಹಣ್ಣಿಗೆ ಹೋಗುತ್ತದೆಯೇ, ಇಲ್ಲವೇ ಚರ್ಮ ಸವೆಯುವವರೆಗೂ ಇರುತ್ತದೆಯೇ? ನನ್ನ ಕಥೆಯ ಹೆಂಗಸು ನಿರಪರಾಧಿಯೆಂದು ತೋರಿಸುವುದು ಆ ಒಂದು ಉತ್ತರದ ಮೇಲೆ ನಿಂತಿದೆ.