ಸಂತ ವಿಯಾನ್ನಿ ಬಗ್ಗೆ 10 ನಿಮಿಷದ ಮಾತು: ಏನು ಇರಬೇಕು, ಏನು ಬಿಡಬೇಕು?

ಪ್ರಶ್ನೆ (ಖಾನಾಪುರ): ಆಗಸ್ಟ್ 4ಕ್ಕ ನಮ್ಮ ಚರ್ಚ್‌ನ್ಯಾಗ ಫ್ರಾನ್ಸಿನ ಆರ್ಸ್ ಹಳ್ಳಿಯ ಪಾದ್ರಿ ಆಗಿದ್ದ ಸಂತ ಜಾನ್ ಮರಿಯ ವಿಯಾನ್ನಿ ಅವರ ಬಗ್ಗೆ ಮಾತಾಡೋದೈತ್ರಿ. ರೋಗ ವಾಸಿ ಮಾಡಿದ್ದಕ್ಕ, ದರ್ಶನ ಕಂಡಿದ್ದಕ್ಕ ಅವರಿಗೆ ಸಂತ ಪದವಿ ಕೊಟ್ರು ಅಂತ ಬರದೀನಿ. ಸರಿ ಐತೇನ್ರಿ?

ಉತ್ತರ 1 (ಬೆಳಗಾವಿ): ಆ ಸಾಲು ತೆಗೀರಿ. ಸಂತ ಪದವಿ ಕೊಡುವಾಗ ಚರ್ಚ್ ಮೊದಲು ತೂಗೋದು ಸದ್ಗುಣದ ಬದುಕನ್ನ, ದರ್ಶನಗಳನ್ನಲ್ಲ. ಪವಾಡ ಆ ವ್ಯಕ್ತಿ ತೀರಿಕೊಂಡ ಮ್ಯಾಲೆ, ಅವರ ಮೊರೆ ಹೋದಾಗ ಆಗಿರಬೇಕು. ಈಗಿನ ನಿಯಮದಾಗ ಹುತಾತ್ಮರಲ್ಲದವರಿಗೆ ಧನ್ಯ ಪದವಿಗೆ (ಸಂತ ಪದವಿಗಿಂತ ಮೊದಲಿನ ಮೆಟ್ಟಿಲು) ಒಂದು ಪವಾಡ, ಸಂತ ಪದವಿಗೆ ಇನ್ನೊಂದು. ರೋಗಿ ತಟ್ಟನೆ, ಪೂರ್ತಿ, ಮತ್ತ ಮರುಕಳಿಸದಂಗ ಗುಣ ಆಗಿರಬೇಕು. ವೈದ್ಯರ ಮಂಡಳಿ ಕಾಗದಪತ್ರ ನೋಡತೈತಿ. ಔಷಧದಿಂದಲೇ ಗುಣ ಆಗಿರಬಹುದು ಅನ್ನಿಸಿದ್ರ ಆ ಪ್ರಕರಣ ಅಲ್ಲೇ ಬಿದ್ದುಹೋಗತೈತಿ.

ಉತ್ತರ 2 (ವಿಜಯಪುರ): ಇನ್ನೊಂದು ಮಾತ್ರಿ. ಆರ್ಸ್‌ನ್ಯಾಗ ವಾಸಿಯಾದವರ ಕೀರ್ತಿಯನ್ನ ವಿಯಾನ್ನಿಯವರು ತಾವು ಬಹಳ ನಂಬಿದ್ದ ಹುತಾತ್ಮೆ ಸಂತ ಫಿಲೋಮಿನಾಗೆ ಒಪ್ಪಿಸ್ತಿದ್ರು. ಇದನ್ನ ಬಿಡಬ್ಯಾಡ್ರಿ, ಅವರ ಸ್ವಭಾವ ಇದರಾಗ ಕಾಣತೈತಿ. ಪಾದ್ರಿ ಆಗಾಕ ಬೇಕಿದ್ದ ಲ್ಯಾಟಿನ್ ತಲೀಗೆ ಹತ್ತದೆ ಒದ್ದಾಡಿ 1815ಕ್ಕ, 29ನೇ ವಯಸ್ಸಿಗೆ ಗುರುದೀಕ್ಷೆ ಪಡೆದವರು. 1818ಕ್ಕ ಬಂದಾಗ ಆರ್ಸ್ ಸುಮಾರು 230 ಜನರ ಹಳ್ಳಿ. ಅಲ್ಲೇ 41 ವರ್ಷ ಇದ್ದರು. ದೂರದಿಂದ ಬಂದವರ ಪಾಪನಿವೇದನೆ ಕೇಳ್ತಾ ದಿನಕ್ಕ 16 ತಾಸಿನವರೆಗೂ ಕೂಡ್ತಿದ್ರು. 10 ನಿಮಿಷದಾಗ 5 ನಿಮಿಷ ಇದಕ್ಕೇ ಇಡ್ರಿ.

ಉತ್ತರ 3 (ಬಾಗಲಕೋಟೆ): ಇಸವಿ ಅದಲುಬದಲು ಆಗ್ತಾವು, ಚೀಟ್ಯಾಗ ಬರಕೋರಿ: 1859 ಮರಣ, 1905 ಧನ್ಯ, 1925 ಸಂತ, 1929 ಧರ್ಮಕೇಂದ್ರದ (ಪ್ಯಾರಿಷ್‌ನ) ಗುರುಗಳ ಪಾಲಕ ಸಂತ.